ಕೆಲಸ ಯಾರದು, ಹೊಣೆ ಯಾರದು: ಪದ ಬೇಕಾಗಿದೆ

ಗೆಳೆಯರೇ,

ಸಿವಿಲ್ ಕಾಮಗಾರಿ ಯಶಸ್ವಿಯಾಗುವುದಕ್ಕೂ ಅದನ್ನು ನಡೆಸುವ ಸಂಸ್ಥೆಯ ಒಳವ್ಯವಸ್ಥೆಗೂ ಇರುವ ನಂಟಿನ ಬಗ್ಗೆ ಬರೆಯುತ್ತಿದ್ದೇನೆ. ಎರಡು ಕಡೆ ಕನ್ನಡ ಪದ ಕೈಕೊಟ್ಟಿದೆ.

ಮೊದಲನೆಯದು 'ಮ್ಯಾಟ್ರಿಕ್ಸ್' ಎನ್ನುವ ಸಂಸ್ಥೆಯ ಒಳರಚನೆ. ವಿನ್ಯಾಸ, ಖರೀದಿ, ಗುಣಮಟ್ಟ ಎಂದು ಹಂಚಿಕೊಂಡ ಸಂಸ್ಥೆಗೆ 'ವಿಭಾಗವಾರು', ಒಂದು ಕಾಮಗಾರಿಗೆಂದೇ ಕಟ್ಟಿದ ತಂಡಕ್ಕೆ 'ಯೋಜನಾವಾರು' ಎನ್ನಬಹುದು. ಎರಡೂ ಬೆರೆತದ್ದೇ ಮ್ಯಾಟ್ರಿಕ್ಸ್; ಅಲ್ಲಿ ಒಬ್ಬನೇ ಎಂಜಿನಿಯರ್ ವಿಭಾಗದ ಮುಖ್ಯಸ್ಥರ ಮಾತನ್ನೂ ಪ್ರಾಜೆಕ್ಟ್ ಮ್ಯಾನೇಜರ್ ಮಾತನ್ನೂ ಕೇಳಬೇಕು. ಗಣಿತದ 'ಮಾತೃಕೆ' ಇಲ್ಲಿ ನನಗೆ ಒಗ್ಗದು. ಇಬ್ಬರು ಮೇಲಧಿಕಾರಿಗಳ ಜಗ್ಗಾಟ ಅದರಲ್ಲಿ ಕಾಣುವುದಿಲ್ಲ. ಸದ್ಯಕ್ಕೆ 'ಇಬ್ಬಗೆಯ ಅಧೀನ ವ್ಯವಸ್ಥೆ' ಎಂದಿಟ್ಟಿದ್ದೇನೆ. ಸುತ್ತೋಲೆಯ ವಾಸನೆ ಹೊಡೆಯುತ್ತದೆ, ಗೊತ್ತು.

ಎರಡನೆಯದೇ ನಿಜವಾದ ತೊಡಕು: ಇಂಗ್ಲಿಷಿನ 'ರೆಸ್ಪಾನ್ಸಿಬಿಲಿಟಿ' (ಕೆಲಸ ಮಾಡುವ ಹೊರೆ), 'ಅಕೌಂಟಬಿಲಿಟಿ' (ಕೊನೆಗೆ ಉತ್ತರ ಹೇಳುವ ಹೊರೆ) ಎರಡಕ್ಕೂ ನಮ್ಮಲ್ಲಿ ಒಂದೇ ಪದ. ಒಂದು ಉದಾಹರಣೆ ನೋಡಿ. 1907ರಲ್ಲಿ ಕೆನಡಾದ ಸೇಂಟ್ ಲಾರೆನ್ಸ್ ನದಿಗೆ ಕ್ವಿಬೆಕ್ ಸೇತುವೆ ಕಟ್ಟುತ್ತಿದ್ದರು. ತಾಂತ್ರಿಕ ವಿಷಯದಲ್ಲಿ ಕೊನೆಯ ಮಾತು ಸಲಹಾ ಎಂಜಿನಿಯರ್ ಥಿಯೋಡರ್ ಕೂಪರ್ ಅವರದು. ಅವರಿದ್ದದ್ದು ದೂರದ ನ್ಯೂಯಾರ್ಕಿನಲ್ಲಿ. ಸ್ಥಳದಲ್ಲಿದ್ದ ಅವರ ಪ್ರತಿನಿಧಿ ನಾರ್ಮನ್ ಮ್ಯಾಕ್ಲೂರ್, ಕೆಳಗಿನ ಉಕ್ಕಿನ ತೊಲೆಗಳು ಬಾಗುತ್ತಿರುವುದನ್ನು ಅಳೆದು ತಿಳಿಸಿದರು. ಕೆಲಸ ನಿಲ್ಲಿಸಿ ಎನ್ನುವ ಅಧಿಕಾರ ಅವರಿಗಿರಲಿಲ್ಲ. ಕೊನೆಗೆ ತಾವೇ ನ್ಯೂಯಾರ್ಕಿಗೆ ಹೋದರು. ಇನ್ನು ಭಾರ ಹೇರಬೇಡಿ ಎಂದು ಕೂಪರ್ ಕಳಿಸಿದ ತಂತಿ ಅಮೆರಿಕದ ಫೀನಿಕ್ಸ್‌ವಿಲ್‌ನಲ್ಲಿದ್ದ ಗುತ್ತಿಗೆದಾರರ ಕಚೇರಿಗೆ ಹೋಯಿತು, ಸೇತುವೆಯ ಬಳಿಗಲ್ಲ. ಆಗಸ್ಟ್ 29ರ ಆ ಸಂಜೆಯೇ ಸೇತುವೆ ಕುಸಿದು 75 ಮಂದಿ ಸತ್ತರು.

ಇದನ್ನು ಕನ್ನಡದಲ್ಲಿ ಹೇಳಹೊರಟರೆ, ನೋಡಿಕೊಳ್ಳುವ ಕೆಲಸ ಮ್ಯಾಕ್ಲೂರ್‌ರದು ಎನ್ನುವುದಕ್ಕೂ 'ಜವಾಬ್ದಾರಿ', ಬಿದ್ದರೆ ಯಾರು ಉತ್ತರ ಹೇಳಬೇಕು ಎನ್ನುವುದಕ್ಕೂ 'ಜವಾಬ್ದಾರಿ'. ಯಾವ ಕೆಲಸದಲ್ಲಿ ಯಾರ ಪಾತ್ರವೇನು ಎಂದು ಬರೆದಿಡಲು ಕಾಮಗಾರಿಗಳಲ್ಲಿ ಬಳಸುವ 'ರೇಸಿ' (RACI) ಪಟ್ಟಿಯಲ್ಲಂತೂ ಇವು ಅಕ್ಕಪಕ್ಕದ ಎರಡು ಅಂಕಣಗಳು: ಮಾಡುವವರು ಹಲವರಿರಬಹುದು, ಉತ್ತರ ಹೇಳಬೇಕಾದವರು ಒಬ್ಬರೇ. ಎರಡರ ತಲೆಯ ಮೇಲೂ ಒಂದೇ ಪದ ಬರೆದರೆ ಪಟ್ಟಿ ಇದ್ದೂ ಇಲ್ಲದಂತೆ.

'ಉತ್ತರದಾಯಿತ್ವ' ಪತ್ರಿಕೆಗಳಲ್ಲಿ ಓಡಾಡುತ್ತಿದೆ, ಆದರೆ ಸೈಟಿನಲ್ಲಿ ಯಾರ ಬಾಯಲ್ಲೂ ಹೊರಳದು. 'ಹೊಣೆ'ಗೆ ಜಾಮೀನು ಎಂಬ ಹಳೆಯ ಅರ್ಥವಿದೆ. ಹಾಗಾಗಿ ಅದನ್ನು ಉತ್ತರ ಹೇಳಬೇಕಾದವರಿಗೇ ಮೀಸಲಿಟ್ಟು, ಮಾಡುವವರದಕ್ಕೆ 'ಪಾಲಿನ ಕೆಲಸ' ಎಂದರೆ ಹೇಗೆ? ನಿಮ್ಮಲ್ಲಿ ಟೆಂಡರ್ ದಾಖಲೆ, ಕರಾರುಪತ್ರಗಳನ್ನು ಕನ್ನಡಕ್ಕೆ ತಂದವರಿದ್ದರೆ ಈ ಎರಡನ್ನು ಹೇಗೆ ಬೇರ್ಪಡಿಸಿದಿರಿ ಎಂದು ತಿಳಿಸಿ.