‘ರನ್’ ಎಂಬ ಒಂದು ಕ್ರಿಯಾಪದಕ್ಕೆ ಕನ್ನಡದಲ್ಲಿ ಎಷ್ಟು ಕ್ರಿಯಾಪದಗಳು ಬೇಕು?

ಪ್ರಶ್ನೆ: ಇಂಗ್ಲಿಷ್ ಶಿಕ್ಷಕಿ, ಜಗಳೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಜಿಲ್ಲೆಯ ಹಳ್ಳಿಯೊಂದರಲ್ಲಿ ಕನ್ನಡ ಮಾಧ್ಯಮದ ಎಂಟನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಕಳೆದ ವಾರ ಐದು ಇಂಗ್ಲಿಷ್ ವಾಕ್ಯಗಳನ್ನು ಕನ್ನಡಕ್ಕೆ ತರಲು ಕೊಟ್ಟಿದ್ದೆ. ಎಲ್ಲದರಲ್ಲೂ ‘ರನ್’ ಇತ್ತು. ಮಕ್ಕಳು ಐದಕ್ಕೂ ‘ಓಡು’ ಎಂದೇ ಬರೆದರು: ಹುಡುಗ ಓಡುತ್ತಾನೆ, ನದಿ ಓಡುತ್ತದೆ, ಮಗುವಿನ ಮೂಗು ಓಡುತ್ತಿದೆ, ಚಿಕ್ಕಪ್ಪ ಹೋಟೆಲ್ ಓಡಿಸುತ್ತಾರೆ, ಅಕ್ಕಿಯಿಂದ ನಾವು ಹೊರಗೆ ಓಡಿದೆವು. ಮೊದಲನೆಯದನ್ನು ಬಿಟ್ಟು ಉಳಿದವಕ್ಕೆಲ್ಲ ಕೆಂಪು ಗೆರೆ ಎಳೆದೆ. ಆದರೆ ಒಬ್ಬ ಹುಡುಗ ಎದ್ದು, “ಮಿಸ್, ಸಿನಿಮಾ ನೂರು ದಿನ ಓಡಿತು ಅಂತೀವಲ್ಲ, ಹಾಗಾದರೆ ನದಿ ಯಾಕೆ ಓಡಬಾರದು?” ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಎಲ್ಲಿ ಯಾವ ಕನ್ನಡ ಪದ ಬರಬೇಕೆಂದು ನನ್ನ ಕಿವಿಗೆ ಗೊತ್ತಿದೆ. ಮಕ್ಕಳಿಗೆ ಅದನ್ನು ಹೇಗೆ ವಿವರಿಸಲಿ?

ಉತ್ತರ: ನಿವೃತ್ತ ಕನ್ನಡ ಉಪನ್ಯಾಸಕ, ಚಿತ್ರದುರ್ಗ

ಮೇಡಂ, ಆ ಹುಡುಗನ ಪ್ರಶ್ನೆ ಬಹಳ ಒಳ್ಳೆಯದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಹೆಚ್ಚು ಅರ್ಥಗಳಿದ್ದ ಕ್ರಿಯಾಪದ ‘ಸೆಟ್’. ಮುಂದೆ ಪರಿಷ್ಕರಣೆ ನಡೆದಾಗ ‘ರನ್’ ಅದನ್ನು ಹಿಂದೆ ಹಾಕಿತು, ಮತ್ತು ಕ್ರಿಯಾಪದವಾಗಿ ಅದಕ್ಕಿರುವ ಅರ್ಥಗಳು 645 ಎಂದು ಸಂಪಾದಕರು ಲೆಕ್ಕ ಕೊಟ್ಟರು. ಅಷ್ಟನ್ನು ಒಂದು ‘ಓಡು’ ಹೊರಲಾರದು.

ನದಿಯ ವಿಷಯದಲ್ಲಿ ಮಾತ್ರ ಮಕ್ಕಳನ್ನು ಪೂರ್ತಿ ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ‘ರನ್’ ಪದದ ಮೂಲದಲ್ಲಿ ಓಡುವುದೂ ಹರಿಯುವುದೂ ಕೂಡಿಯೇ ಇದ್ದವು. ಅದರ ಜರ್ಮನ್ ಬಂಧು ‘ರಿನೆನ್’ಗೆ ಇಂದಿಗೂ ನೀರು ಹರಿಯುವುದೆಂದೇ ಅರ್ಥ. ಇನ್ನು ನಮ್ಮ ‘ಹರಿ’ಯನ್ನು ನೋಡಿ. ಹಳಗನ್ನಡದಲ್ಲಿ ಅದು ‘ಪರಿ’. ಪಾಲು ಹಾಲಾದಂತೆ, ಪೂ ಹೂವಾದಂತೆ ಪರಿ ಹರಿಯಾಯಿತು. ಆ ಪರಿ ಎಂಬುದಕ್ಕೂ ಓಡು, ಹರಿ ಎಂಬ ಎರಡೂ ಅರ್ಥಗಳಿದ್ದವು. ಹಳೆಯ ಕಾವ್ಯಗಳಲ್ಲಿ ‘ಪರಿತಂದು’, ‘ಹರಿತಂದು’ ಎಂದು ಬಂದರೆ ಓಡಿಬಂದು ಎಂದೇ ತಿಳಿಯಬೇಕು. ಕಾಲಕ್ರಮದಲ್ಲಿ ನಾವು ಕಾಲಿನ ವೇಗವನ್ನು ಓಡು ಎಂಬುದಕ್ಕೆ ಬಿಟ್ಟುಕೊಟ್ಟು, ನೀರನ್ನೂ ಹಾವನ್ನೂ ಹರಿ ಎಂಬುದಕ್ಕೆ ಉಳಿಸಿಕೊಂಡೆವು. ಇಂಗ್ಲಿಷಿನವರು ಆ ಪಾಲು ಮಾಡಲಿಲ್ಲ. ಮಕ್ಕಳಿಗೆ ಇದನ್ನು ಕಥೆಯಂತೆ ಹೇಳಿದರೆ ಅವರು ಮರೆಯುವುದಿಲ್ಲ.

ನೀರಿನಲ್ಲೂ ನಮ್ಮದು ಎಷ್ಟು ಸೂಕ್ಷ್ಮವಾದ ವಿಂಗಡಣೆ! ಹೊಳೆ ಹರಿಯುತ್ತದೆ, ನಲ್ಲಿ ಸುರಿಯುತ್ತದೆ, ಮಾಳಿಗೆ ಸೋರುತ್ತದೆ, ಕೆರೆ ಕೋಡಿ ಬೀಳುತ್ತದೆ. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ತುಂಬಿದಾಗ ನಮ್ಮ ಜಿಲ್ಲೆಯ ಜನ ಒಬ್ಬರಿಗೊಬ್ಬರು ಹೇಳಿಕೊಂಡಿದ್ದು ‘ಕೋಡಿ ಬಿತ್ತು’ ಎಂಬ ಎರಡೇ ಪದ. ಮೂಗಿಗೂ ಸುರಿಯುವುದೇ ಸರಿ.

ಉತ್ತರ: ನೇಕಾರರ ಮನೆಯವನು, ಮೊಳಕಾಲ್ಮೂರು

ನಾನು ಭಾಷೆ ಓದಿದವನಲ್ಲ. ಆದರೆ ರೇಷ್ಮೆ ಸೀರೆ ನೇಯುವ ಮನೆಯಲ್ಲಿ ಹುಟ್ಟಿ ಬೆಳೆದವನಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಲಾಳಿ ಓಡುತ್ತದೆ, ಮಗ್ಗ ನಡೆಯುತ್ತದೆ. ಲಾಳಿ ಕಣ್ಣೆದುರೇ ಈ ಅಂಚಿನಿಂದ ಆ ಅಂಚಿಗೆ ಚಲಿಸುವ ವಸ್ತು; ಮಗ್ಗ ಇದ್ದ ಜಾಗದಲ್ಲೇ ಇದ್ದು ಕೆಲಸ ಮಾಡುತ್ತದೆ. ಅಂಚು ಸೀರೆಯುದ್ದಕ್ಕೂ ಬಂದಿರುತ್ತದೆ. ಒಗೆದಾಗ ಸೀರೆಯ ಬಣ್ಣ ಬಿಡುತ್ತದೆ. ಇಂಗ್ಲಿಷಿನಲ್ಲಿ ಈ ನಾಲ್ಕಕ್ಕೂ ‘ರನ್’ ಹೇಳಬಹುದೆಂದು ಮಗಳ ಪುಸ್ತಕ ನೋಡಿ ತಿಳಿದುಕೊಂಡೆ. ನಮ್ಮಲ್ಲಿ ‘ಬಣ್ಣ ಓಡಿತು’ ಎಂದರೆ ಯಾರಿಗೂ ಅರ್ಥವಾಗದು. ‘ಬಣ್ಣ ಬಿಟ್ಟಿತು’ ಎಂದರೆ ಸೀರೆ ಕೊಂಡವರ ಸಂಕಟವೂ ಬಣ್ಣ ಹಾಕಿದವರ ತಪ್ಪೂ ಒಟ್ಟಿಗೇ ತಿಳಿಯುತ್ತವೆ.

ಉತ್ತರ: ಅನುವಾದಕಿ, ದಾವಣಗೆರೆ

ಮೇಡಂ, ಅನುವಾದದಲ್ಲಿ ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಮೊದಲು ಇಂಗ್ಲಿಷಿನಲ್ಲೇ ‘ರನ್’ ತೆಗೆದು ಬೇರೊಂದು ಪದ ಕೂರಿಸಿ ನೋಡುತ್ತೇನೆ. ನದಿಗೆ ‘ಫ್ಲೋ’, ಹೋಟೆಲಿಗೆ ‘ಮ್ಯಾನೇಜ್’, ಯಂತ್ರಕ್ಕೆ ‘ಆಪರೇಟ್’, ರಸ್ತೆಗೆ ‘ಎಕ್ಸ್‌ಟೆಂಡ್’ ಹೊಂದುತ್ತವೆ. ಆ ಹೆಜ್ಜೆ ಇಟ್ಟ ಮೇಲೆ ಕನ್ನಡ ಪದ ತಾನಾಗಿ ಬಾಯಿಗೆ ಬರುತ್ತದೆ.

ಆದರೂ ಒಂದು ಕಡೆ ಎಚ್ಚರ ಬೇಕು. ನಮ್ಮೂರಿನ ಬೆಣ್ಣೆ ದೋಸೆ ಹೋಟೆಲ್ ‘ಚೆನ್ನಾಗಿ ಓಡುತ್ತಿದೆ’ ಎನ್ನುತ್ತೇವೆ, ಆದರೆ ಮಾಲೀಕರು ಅದನ್ನು ‘ಓಡಿಸುವುದಿಲ್ಲ’, ‘ನಡೆಸುತ್ತಾರೆ’. ಬಸ್ಸನ್ನು ಓಡಿಸುವವನು ಚಾಲಕ; ಆ ಮಾರ್ಗಕ್ಕೆ ‘ಬಸ್ಸು ಬಿಟ್ಟವನು’ ಮಾಲೀಕ. ಆದ್ದರಿಂದ ನಿಮ್ಮ ಹುಡುಗ ಸಿನಿಮಾದ ಉದಾಹರಣೆ ಕೊಟ್ಟದ್ದು ಸರಿಯೇ: ತಾನಾಗಿ ಸಾಗುವ ವ್ಯಾಪಾರಕ್ಕೆ, ಪ್ರದರ್ಶನಕ್ಕೆ ಓಡು ಸಲ್ಲುತ್ತದೆ.

ಅಕ್ಕಿಯ ವಾಕ್ಯದಲ್ಲಿ ಕ್ರಿಯಾಪದದ ಜೊತೆಗೆ ಕರ್ತೃವೂ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಕರ್ತೃ ನಾವು, ಕನ್ನಡದಲ್ಲಿ ಅಕ್ಕಿ. ಅಕ್ಕಿ ತೀರಿತು, ಅಷ್ಟೆ. ಜ್ವರವೂ ಹಾಗೆಯೇ, ಇಂಗ್ಲಿಷಿನಲ್ಲಿ ಮಗು ಜ್ವರವನ್ನು ‘ರನ್’ ಮಾಡುತ್ತದೆ; ನಾವು ಮಗುವಿಗೆ ಜ್ವರ ಬಂದಿದೆ ಎನ್ನುತ್ತೇವೆ, ಜ್ವರಕ್ಕೆ ಮಗುವನ್ನು ಕರ್ತೃವಾಗಿ ಮಾಡುವುದಿಲ್ಲ. ಚುನಾವಣೆಯ ಮಾತಂತೂ ನನಗೆ ಬಹಳ ಇಷ್ಟ: ಅಮೆರಿಕದ ಅಭ್ಯರ್ಥಿ ಚುನಾವಣೆಗೆ ಓಡುತ್ತಾನೆ, ಬ್ರಿಟನ್ನಿನವನು ನಿಲ್ಲುತ್ತಾನೆ, ನಮ್ಮವರೂ ನಿಲ್ಲುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಪರಿ, ಹರಿಗಳ ಕಥೆಯನ್ನೂ ಲಾಳಿ, ಮಗ್ಗಗಳ ಮಾತನ್ನೂ ತರಗತಿಯಲ್ಲಿ ಹೇಳಿದೆ, ನದಿಯ ವಾಕ್ಯಕ್ಕೆ ಎಳೆದಿದ್ದ ಕೆಂಪು ಗೆರೆಯ ಪಕ್ಕದಲ್ಲಿ ‘ಹರಿಯುತ್ತದೆ’ ಎಂದು ನಾನೇ ಬರೆದುಕೊಟ್ಟೆ. ಬಳಿಕ ದಾವಣಗೆರೆಯಿಂದ ಚಿತ್ರದುರ್ಗದವರೆಗೆ ರಸ್ತೆ ‘ರನ್’ ಆಗುತ್ತದೆ ಎಂಬ ವಾಕ್ಯ ಕೊಟ್ಟಾಗ ಬಹಳಷ್ಟು ಮಕ್ಕಳು ‘ಹೋಗುತ್ತದೆ’ ಎಂದು ಬರೆದರು. ಚಿತ್ರದುರ್ಗದಲ್ಲಿ ಅಜ್ಜಿಯ ಮನೆಯಿರುವ ಒಬ್ಬ ಹುಡುಗಿ ಮಾತ್ರ ‘ಬರುತ್ತದೆ’ ಎಂದು ಬರೆದಳು. ನಾವು ನಿಂತ ಜಾಗವನ್ನು ಕನ್ನಡದ ಕ್ರಿಯಾಪದ ಕೇಳುತ್ತದೆ, ‘ರನ್’ ಕೇಳುವುದಿಲ್ಲ ಎಂಬುದು ನನಗೂ ಅಲ್ಲಿಯೇ ಹೊಳೆಯಿತು. ಎರಡೂ ಉತ್ತರಗಳಿಗೆ ಪೂರ್ಣ ಅಂಕ ಕೊಟ್ಟಿದ್ದೇನೆ.