ವರ್ಚುವಲ್‌ಬಾಕ್ಸ್‌ನಲ್ಲಿ ಉಬುಂಟು ತುಂಬಾ ನಿಧಾನ, ಕೆಳಗಡೆ ಹಸಿರು ಆಮೆ ಕಾಣಿಸುತ್ತಿದೆ

ಬಿಸಿಎ ವಿದ್ಯಾರ್ಥಿನಿ, ಹಾಸನ

ಎಲ್ಲರಿಗೂ ನಮಸ್ಕಾರ. ನನ್ನದು ವಿಂಡೋಸ್ 11 ಹೋಮ್ ಇರುವ ಲ್ಯಾಪ್‌ಟಾಪ್. 8 ಜಿಬಿ ರ್‍ಯಾಮ್, 4 ಕೋರ್ ಇಂಟೆಲ್ ಪ್ರೊಸೆಸರ್, ಎಸ್‌ಎಸ್‌ಡಿ ಇದೆ. ಈ ಸೆಮಿಸ್ಟರಿಗೆ ಲಿನಕ್ಸ್ ಲ್ಯಾಬ್ ಇದೆ. ಮನೆಯಲ್ಲಿರುವುದು ಇದೊಂದೇ ಲ್ಯಾಪ್‌ಟಾಪ್. ಅಣ್ಣನ ಟ್ಯಾಲಿ ಲೆಕ್ಕವೆಲ್ಲ ಇದರಲ್ಲೇ ಇದೆ. ಹಾಗಾಗಿ ಪಾರ್ಟಿಶನ್ ಒಡೆದು ಡ್ಯುಯಲ್ ಬೂಟ್ ಮಾಡುವುದು ಬೇಡ ಅಂತ, ವಿಂಡೋಸ್ ಒಳಗೇ ಇನ್ನೊಂದು ಕಂಪ್ಯೂಟರ್ ಇದ್ದಂತೆ ಓಡಿಸುವ ವರ್ಚುವಲ್‌ಬಾಕ್ಸ್ 7 ಹಾಕಿ, ಅದರೊಳಗೆ ಉಬುಂಟು 24.04 ಎಂಬ ಲಿನಕ್ಸ್ ಇನ್‌ಸ್ಟಾಲ್ ಮಾಡಿದೆ.

ಇನ್‌ಸ್ಟಾಲ್ ಏನೋ ಆಯಿತು. ಆದರೆ ಬಳಸಲು ಆಗುತ್ತಿಲ್ಲ. ಮೌಸ್ ತಡೆದು ತಡೆದು ಓಡುತ್ತದೆ. ಟರ್ಮಿನಲ್‌ನಲ್ಲಿ ಟೈಪ್ ಮಾಡಿದ ಅಕ್ಷರಗಳು ಸ್ವಲ್ಪ ಹೊತ್ತಾದ ಮೇಲೆ ಒಟ್ಟಿಗೆ ಬಂದು ಬೀಳುತ್ತವೆ. ಮೆಮೊರಿಯನ್ನು 4 ಜಿಬಿಯಿಂದ 6 ಜಿಬಿಗೆ ಏರಿಸಿದರೆ ಇನ್ನೂ ನಿಧಾನವಾಯಿತು, ವಿಂಡೋಸ್ ಕೂಡ ಎಳೆಯತೊಡಗಿತು. ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿಕ್ಕ ಚಿತ್ರ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ದಯವಿಟ್ಟು ತಿಳಿಸಿ.

ಸಿಸ್ಟಮ್ ಅಡ್ಮಿನ್, ಮೈಸೂರು

ಆಮೆಯ ಬಗ್ಗೆ ಬರೆದದ್ದು ಒಳ್ಳೆಯದಾಯಿತಮ್ಮ. ಸಮಸ್ಯೆ ಅಲ್ಲೇ ಇದೆ, ರ್‍ಯಾಮ್‌ನಲ್ಲಿ ಅಲ್ಲ.

ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ತಮ್ಮ ಪ್ರೊಸೆಸರ್‌ಗಳಿಗೆ ವರ್ಚುವಲೈಸೇಶನ್ ಸೌಲಭ್ಯ ಸೇರಿಸಿದವು. ಇಂಟೆಲ್‌ನದಕ್ಕೆ ವಿಟಿ-ಎಕ್ಸ್ ಅಂತಲೂ ಎಎಂಡಿಯದಕ್ಕೆ ಎಎಂಡಿ-ವಿ ಅಂತಲೂ ಹೆಸರು. ಒಳಗಿನ ಉಬುಂಟುವಿನ ಆದೇಶಗಳನ್ನು ಪ್ರೊಸೆಸರ್ ನೇರವಾಗಿ ನಡೆಸಬೇಕಾದರೆ ಈ ಸೌಲಭ್ಯ ವರ್ಚುವಲ್‌ಬಾಕ್ಸ್‌ನ ಕೈಗೆ ಸಿಗಬೇಕು. ನಿಮ್ಮಲ್ಲಿ ಅದು ಸಿಗುತ್ತಿಲ್ಲ. ವಿಂಡೋಸ್‌ನ ಒಳಗೇ ಇರುವ ಹೈಪರ್-ವಿ ಬೂಟ್ ಆಗುವಾಗಲೇ ಅದನ್ನು ಹಿಡಿದುಕೊಂಡಿದೆ. 'ನಾನು ಹೈಪರ್-ವಿ ಆನ್ ಮಾಡೇ ಇಲ್ಲ, ಹೋಮ್ ಆವೃತ್ತಿಯಲ್ಲಿ ಅದು ಇಲ್ಲವೇ ಇಲ್ಲ' ಅಂತ ನೀವು ಹೇಳಬಹುದು. ಹೈಪರ್-ವಿ ಮ್ಯಾನೇಜರ್ ಹೋಮ್‌ನಲ್ಲಿ ಇಲ್ಲ, ನಿಜ. ಆದರೆ ಅದರ ತಳದಲ್ಲಿರುವ ಹೈಪರ್‌ವೈಸರ್, ಅಂದರೆ ವರ್ಚುವಲ್ ಮಷಿನ್‌ಗಳನ್ನು ನಡೆಸುವ ಭಾಗ, ಇದೆ. ಮೆಮೊರಿ ಇಂಟೆಗ್ರಿಟಿ ಎಂಬ ಸುರಕ್ಷತಾ ಸೌಲಭ್ಯ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಇವೆಲ್ಲ ಅದರ ಮೇಲೆಯೇ ನಿಂತಿವೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿ ಇಂಟೆಗ್ರಿಟಿ ಸಾಮಾನ್ಯವಾಗಿ ಆನ್ ಆಗಿಯೇ ಬರುತ್ತದೆ.

ಹಿಂದೆ ಇಂಥ ಕಡೆ ವರ್ಚುವಲ್‌ಬಾಕ್ಸ್ ಎರರ್ ತೋರಿಸಿ ನಿಂತುಬಿಡುತ್ತಿತ್ತು. 6.0 ಆವೃತ್ತಿಯಿಂದ ಅದು ಹೈಪರ್-ವಿಯ ಮೂಲಕವೇ ಹೇಗೋ ಕೆಲಸ ನಡೆಸುತ್ತದೆ. ಪ್ರತಿಯೊಂದಕ್ಕೂ ಇನ್ನೊಬ್ಬರ ಮೂಲಕ ಹೋಗಬೇಕಾದ್ದರಿಂದ ನಿಧಾನ. ಹಾಗೆ ನಡೆಯುತ್ತಿದೆ ಎಂದು ಹೇಳುವುದಕ್ಕೇ ಆ ಆಮೆ. ಎಲ್ಲ ಸರಿ ಇದ್ದರೆ ಅದೇ ಜಾಗದಲ್ಲಿ ಚಿಪ್ ಒಳಗೆ 'ವಿ' ಅಕ್ಷರ ಇರುವ ಚಿತ್ರ ಕಾಣಬೇಕು.

ಏನನ್ನೂ ಬದಲಿಸುವ ಮುಂಚೆ ಮೂರು ಕಡೆ ನೋಡಿ ಬನ್ನಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಸಿಪಿಯು. ಅಲ್ಲಿ ವರ್ಚುವಲೈಸೇಶನ್ ಎದುರಿಗೆ 'ಎನೇಬಲ್ಡ್' ಅಂತ ಇದೆಯಾ? ಆಮೇಲೆ ಸ್ಟಾರ್ಟ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಹುಡುಕಿ ತೆರೆಯಿರಿ. ಪಟ್ಟಿಯ ಕೊನೆಯ ಕಡೆ 'ಹೈಪರ್‌ವೈಸರ್ ಪತ್ತೆಯಾಗಿದೆ' ಎಂಬ ಅರ್ಥದ ಸಾಲು ಇದೆಯಾ? ವರ್ಚುವಲೈಸೇಶನ್ ಬೇಸ್ಡ್ ಸೆಕ್ಯುರಿಟಿ ಎದುರಿಗೆ 'ರನ್ನಿಂಗ್' ಅಂತಿದೆಯಾ? ಕೊನೆಗೆ ವರ್ಚುವಲ್‌ಬಾಕ್ಸ್‌ನಲ್ಲಿ ನಿಮ್ಮ ಮಷಿನ್ ಮೇಲೆ ಬಲ ಕ್ಲಿಕ್ ಮಾಡಿ, ಶೋ ಲಾಗ್ ಒತ್ತಿ. ಅದರಲ್ಲಿ 'ಎನ್‌ಇಎಂ' ಅಂತ ಹುಡುಕಿ. ಹೈಪರ್-ವಿಯ ಮೂಲಕ ನಡೆಯುವ ಆ ನಿಧಾನದ ದಾರಿಗೆ ಲಾಗ್‌ನಲ್ಲಿರುವ ಹೆಸರು ಅದು. ವಿಟಿ-ಎಕ್ಸ್ ಸಿಗಲಿಲ್ಲ, ಎನ್‌ಇಎಂಗೆ ಹೋಗುತ್ತಿದ್ದೇನೆ ಎಂಬ ಸಾಲು ಸಿಕ್ಕರೆ ಅನುಮಾನವೇ ಬೇಡ.

ಮೆಮೊರಿಯನ್ನು ಮೊದಲು ವಾಪಸ್ 4 ಜಿಬಿಗೆ ಇಳಿಸಿ. 8ರಲ್ಲಿ 6 ಒಳಗಿನ ಮಷಿನ್‌ಗೆ ಹೋದರೆ ವಿಂಡೋಸ್‌ಗೆ ಉಳಿಯುವುದು 2. ಅದು ಸಾಲದೆ ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಬರೆಯುತ್ತ, ಮತ್ತೆ ಓದುತ್ತ ಕೂರುತ್ತದೆ. ಎರಡೂ ಕಡೆ ನಿಧಾನ ಆಗಿದ್ದು ಅದಕ್ಕೇ. ಪ್ರೊಸೆಸರ್ 2 ಕೊಡಿ, 4 ಬೇಡ.

ಬಿಸಿಎ ವಿದ್ಯಾರ್ಥಿನಿ, ಹಾಸನ

ನೋಡಿದೆ ಸರ್. ವರ್ಚುವಲೈಸೇಶನ್ ಎನೇಬಲ್ಡ್ ಇದೆ. ಹೈಪರ್‌ವೈಸರ್ ಪತ್ತೆಯಾಗಿದೆ ಎಂಬ ಸಾಲೂ ಇದೆ, ಸೆಕ್ಯುರಿಟಿ ರನ್ನಿಂಗ್ ಇದೆ. ಲಾಗ್‌ನಲ್ಲಿ ನೀವು ಹೇಳಿದ ಎನ್‌ಇಎಂ ಸಾಲು ಸಿಕ್ಕಿತು. 4 ಜಿಬಿಗೆ ಇಳಿಸಿದ ಮೇಲೆ ವಿಂಡೋಸ್ ಸರಿಯಾಯಿತು, ಉಬುಂಟು ಮಾತ್ರ ಹಾಗೇ ಇದೆ. ಮುಂದೆ ಏನು ಮಾಡಲಿ?

ಸಿಸ್ಟಮ್ ಅಡ್ಮಿನ್, ಮೈಸೂರು

ಮೊದಲು ಒಂದು ಎಚ್ಚರಿಕೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಿಮ್ಮ ಡಿಸ್ಕ್‌ಗೆ ಎನ್‌ಕ್ರಿಪ್ಶನ್ ಇದೆಯಾ ಅಂತ ಸೆಟ್ಟಿಂಗ್ಸ್‌ನಲ್ಲಿ, ಪ್ರೈವಸಿ ಅಂಡ್ ಸೆಕ್ಯುರಿಟಿ ಕೆಳಗೆ ನೋಡಿ. ಇದ್ದರೆ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬೂಟ್ ಅಥವಾ ಬಯಾಸ್ ಸೆಟ್ಟಿಂಗ್ ಬದಲಾದಾಗ ವಿಂಡೋಸ್ ಆ ಕೀಯ 48 ಅಂಕಿ ಕೇಳಬಹುದು. ಕೀ ಇಲ್ಲದಿದ್ದರೆ ನಿಮ್ಮ ಅಣ್ಣನ ಲೆಕ್ಕವೂ ಒಳಗೇ ಉಳಿಯುತ್ತದೆ. ಟ್ಯಾಲಿ ಡೇಟಾದ ಒಂದು ಬ್ಯಾಕಪ್ ಕೂಡ ಪೆನ್‌ಡ್ರೈವ್‌ಗೆ ತೆಗೆದಿಡಿ.

ಈಗ ಕೆಲಸಕ್ಕೆ ಬರೋಣ. ವಿಂಡೋಸ್ ಸೆಕ್ಯುರಿಟಿ ತೆರೆದು ಡಿವೈಸ್ ಸೆಕ್ಯುರಿಟಿ, ಕೋರ್ ಐಸೊಲೇಶನ್ ವಿವರಕ್ಕೆ ಹೋಗಿ, ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ. ಆಮೇಲೆ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ಪಟ್ಟಿ ತೆರೆಯಿರಿ. ಅದರಲ್ಲಿ ವರ್ಚುವಲ್ ಮಷಿನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಇವುಗಳ ಟಿಕ್ ತೆಗೆಯಿರಿ. ಪ್ರೊ ಆವೃತ್ತಿ ಇರುವವರು ಹೈಪರ್-ವಿ, ವಿಂಡೋಸ್ ಸ್ಯಾಂಡ್‌ಬಾಕ್ಸ್ ಟಿಕ್‌ಗಳನ್ನೂ ತೆಗೆಯಬೇಕು.

ಇಷ್ಟಾದ ಮೇಲೆ ರೀಸ್ಟಾರ್ಟ್ ಒತ್ತಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದು ಬೇಡ. ಫಾಸ್ಟ್ ಸ್ಟಾರ್ಟಪ್ ಇರುವ ಕಂಪ್ಯೂಟರ್ ಶಟ್‌ಡೌನ್‌ನಲ್ಲಿ ಪೂರ್ತಿ ಮುಚ್ಚುವುದಿಲ್ಲ. ಕರ್ನಲ್ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಅದನ್ನೇ ಮತ್ತೆ ಎಬ್ಬಿಸುತ್ತದೆ. ರೀಸ್ಟಾರ್ಟ್ ಆದರೆ ಎಲ್ಲ ಮೊದಲಿಂದ ಶುರುವಾಗುತ್ತದೆ. 'ಎಲ್ಲ ಆಫ್ ಮಾಡಿದೆ, ಆದರೂ ಆಮೆ ಹೋಗಲಿಲ್ಲ' ಅನ್ನುವವರಿಗೆ ನಾನು ಮೊದಲು ಕೇಳುವುದೇ ಇದನ್ನು.

ಅದರ ಮೇಲೂ ಆಮೆ ಉಳಿದರೆ ಮಾತ್ರ ಬಿಸಿಡಿ-ಎಡಿಟ್ ಎಂಬ ಆದೇಶದ ದಾರಿ ಇದೆ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಹೈಪರ್‌ವೈಸರ್ ಲಾಂಚ್ ಟೈಪ್ ಎಂಬ ಬೂಟ್ ಸೆಟ್ಟಿಂಗನ್ನು ಆಫ್ ಮಾಡಬೇಕು. ಬೇಡವಾದಾಗ ಅದನ್ನೇ ಆಟೋ ಮಾಡಿದರೆ ಹಳೆಯ ಸ್ಥಿತಿಗೆ ಬರುತ್ತದೆ.

ಇನ್ನೊಂದು ಮಾತು. ಮೆಮೊರಿ ಇಂಟೆಗ್ರಿಟಿ ಸುಮ್ನೆ ಇಟ್ಟದ್ದಲ್ಲ. ಕೆಟ್ಟ ಡ್ರೈವರ್‌ಗಳು ಕರ್ನಲ್ ಒಳಗೆ ನುಗ್ಗದಂತೆ ಅದು ತಡೆಯುತ್ತದೆ. ಲೆಕ್ಕದ ಕೆಲಸ, ನೆಟ್ ಬ್ಯಾಂಕಿಂಗ್ ನಡೆಯುವ ಮನೆ ಕಂಪ್ಯೂಟರ್‌ನಲ್ಲಿ ಅದನ್ನು ಶಾಶ್ವತವಾಗಿ ಆಫ್ ಇಡಬೇಡಿ. ಲ್ಯಾಬ್ ಮುಗಿದ ಮೇಲೆ ಆನ್ ಮಾಡಿ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಇರುವವರು ಇದಕ್ಕೆ ಕೈಯೇ ಹಾಕಬೇಡಿ, ಅಲ್ಲಿನ ಐಟಿ ವಿಭಾಗವನ್ನು ಕೇಳಿ.

ಬಿಸಿಎ ವಿದ್ಯಾರ್ಥಿನಿ, ಹಾಸನ

ಸರ್, ಆಮೆ ಹೋಯಿತು! 'ವಿ' ಚಿತ್ರ ಬಂದಿದೆ. ಟರ್ಮಿನಲ್ ಒತ್ತಿದ ಕೂಡಲೇ ತೆರೆಯುತ್ತಿದೆ. ಬಿಸಿಡಿ-ಎಡಿಟ್ ಬೇಕಾಗಲಿಲ್ಲ. ತುಂಬಾ ಧನ್ಯವಾದ.

ಇನ್ನೆರಡು ತೊಂದರೆ ಇವೆ. ವಿಂಡೋಸ್‌ನ ಒಂದು ಫೋಲ್ಡರನ್ನು ಶೇರ್ ಮಾಡಿದೆ. ಉಬುಂಟುವಿನಲ್ಲಿ ಅದು ಕಾಣುತ್ತದೆ, ಒಳಗೆ ಹೋದರೆ ಪರ್ಮಿಶನ್ ಡಿನೈಡ್ ಅನ್ನುತ್ತದೆ. ಮತ್ತೆ, ವಿಂಡೋಸ್‌ನಲ್ಲಿ ನುಡಿ ಆನ್ ಇಟ್ಟರೂ ಉಬುಂಟು ಒಳಗೆ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಅಕ್ಷರವೇ ಬೀಳುತ್ತದೆ.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ನಡುವೆ ಬಂದೆ, ಕ್ಷಮಿಸಿ. ನನಗೂ ಇದೇ ಆಮೆಯ ಕಾಟ. ಆದರೆ ಕೆಲಸಕ್ಕೆ ಡಬ್ಲ್ಯುಎಸ್‌ಎಲ್ 2 ಬೇಕೇ ಬೇಕು, ಆಫ್ ಮಾಡುವಂತಿಲ್ಲ. ಸ್ವಂತ ಲ್ಯಾಪ್‌ಟಾಪ್, ಪ್ರೊ ಆವೃತ್ತಿ. ಬೇರೆ ದಾರಿ ಇದೆಯಾ?

ಸಿಸ್ಟಮ್ ಅಡ್ಮಿನ್, ಮೈಸೂರು

ಮೊದಲು ಹಾಸನದವರಿಗೆ. ಶೇರ್ ಮಾಡಿದ ಫೋಲ್ಡರ್ ಉಬುಂಟುವಿನಲ್ಲಿ 'ವಿಬಾಕ್ಸ್‌ಎಸ್‌ಎಫ್' ಎಂಬ ಗುಂಪಿನ ಹೆಸರಿನಲ್ಲಿರುತ್ತದೆ. ನಿಮ್ಮ ಯೂಸರ್ ಆ ಗುಂಪಿನಲ್ಲಿ ಇಲ್ಲ, ಅದಕ್ಕೇ ಬಾಗಿಲು ತೆರೆಯುತ್ತಿಲ್ಲ. ಸುಡೊ (ಅಡ್ಮಿನ್ ಅಧಿಕಾರದಲ್ಲಿ ಆದೇಶ ನಡೆಸುವುದು) ಜೊತೆ ಯೂಸರ್‌ಮಾಡ್ ಆದೇಶ ಬಳಸಿ ಸೇರಿಸಿ. ಅದರಲ್ಲಿ ಚಿಕ್ಕ 'ಎ' ಮತ್ತು ದೊಡ್ಡ 'ಜಿ' ಎರಡೂ ಆಯ್ಕೆ ಇರಲೇಬೇಕು. 'ಎ' ಬಿಟ್ಟರೆ ಹೊಸ ಗುಂಪಿಗೆ ಸೇರುವುದರ ಜೊತೆಗೆ ಸುಡೊ ಸೇರಿದಂತೆ ಉಳಿದ ಗುಂಪುಗಳಿಂದ ಹೊರಗೆ ಬೀಳುತ್ತೀರಿ, ಆಮೇಲೆ ಅದನ್ನು ಸರಿ ಮಾಡುವುದೇ ದೊಡ್ಡ ಕೆಲಸ. ಸೇರಿಸಿದ ಮೇಲೆ ಉಬುಂಟುವನ್ನು ರೀಸ್ಟಾರ್ಟ್ ಮಾಡಿ.

ಕನ್ನಡದ ವಿಷಯ ಕೇಳಿದ್ದು ಖುಷಿಯಾಯಿತು. ಬಹಳ ಜನ ಇದೇ ಕಾರಣಕ್ಕೆ ಲಿನಕ್ಸ್ ಬಿಟ್ಟುಬಿಡುತ್ತಾರೆ, ಪರಿಹಾರ ನೋಡಿದರೆ ಸುಲಭ. ವರ್ಚುವಲ್ ಮಷಿನ್ ಕಿಟಕಿಯಲ್ಲಿ ನೀವು ಒತ್ತಿದ್ದು ಯಾವ ಕೀ ಎಂಬುದಷ್ಟೇ ಒಳಗೆ ಹೋಗುತ್ತದೆ. ಆ ಕೀಗೆ ಯಾವ ಅಕ್ಷರ ಅಂತ ತೀರ್ಮಾನಿಸುವುದು ಉಬುಂಟು. ನುಡಿ ಇರುವುದು ಹೊರಗಿನ ವಿಂಡೋಸ್‌ನಲ್ಲಿ, ಅದರ ಮಾತು ಇಲ್ಲಿ ನಡೆಯುವುದಿಲ್ಲ. ಉಬುಂಟು ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್‌ಗೆ ಹೋಗಿ, ಇನ್‌ಪುಟ್ ಸೋರ್ಸ್ ಸೇರಿಸುವಾಗ ಕನ್ನಡ ಕಗಪ ಲೇಔಟ್ ಆರಿಸಿ. ಕೆ.ಪಿ. ರಾವ್ ವಿನ್ಯಾಸವನ್ನು ಆಧರಿಸಿದ್ದು ಅದು. ನುಡಿಯ ಅಭ್ಯಾಸ ಇರುವ ಕೈಗೆ ಕಷ್ಟವಾಗದು. ಒತ್ತಕ್ಷರಕ್ಕೆ ನಡುವೆ 'ಎಫ್' ಒತ್ತುವ ಅದೇ ಪದ್ಧತಿ ಬೇಕಿದ್ದರೆ ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಅದರಲ್ಲಿರುವ ಕೆಜಿಪಿ ಆಯ್ಕೆಯನ್ನೂ ಒಮ್ಮೆ ನೋಡಿ. ಗುಬ್ಬಿ, ನವಿಲು ಫಾಂಟ್‌ಗಳು ಫಾಂಟ್ಸ್-ಗುಬ್ಬಿ ಎಂಬ ಪ್ಯಾಕೇಜ್‌ನಲ್ಲಿ ಸಿಗುತ್ತವೆ.

ಬೆಂಗಳೂರಿನವರೇ, ನಿಮ್ಮದು ಪ್ರೊ ಆವೃತ್ತಿ ಅಲ್ವಾ, ನಾನಾದರೆ ವರ್ಚುವಲ್‌ಬಾಕ್ಸ್ ಬಿಟ್ಟು ಹೈಪರ್-ವಿ ಮ್ಯಾನೇಜರ್‌ನಲ್ಲೇ ಮಷಿನ್ ಮಾಡುತ್ತಿದ್ದೆ. ಪ್ರೊಸೆಸರ್ ಯಾರ ಕೈಯಲ್ಲಿದೆಯೋ ಅವರಿಂದಲೇ ಕೆಲಸ ತೆಗೆದುಕೊಳ್ಳುವುದು ಮೇಲು. ವರ್ಚುವಲ್‌ಬಾಕ್ಸೇ ಬೇಕೆಂದರೆ, ಬಿಸಿಡಿ-ಎಡಿಟ್‌ನಿಂದ ಈಗಿನ ಬೂಟ್ ಎಂಟ್ರಿಯ ಪ್ರತಿ ಮಾಡಿ, ಆ ಪ್ರತಿಯಲ್ಲಿ ಮಾತ್ರ ಹೈಪರ್‌ವೈಸರ್ ಆಫ್ ಮಾಡಿ. ಕಂಪ್ಯೂಟರ್ ಶುರುವಾಗುವಾಗ ಎರಡು ವಿಂಡೋಸ್ ತೋರಿಸುತ್ತದೆ. ಡಬ್ಲ್ಯುಎಸ್‌ಎಲ್ ಬೇಕಾದ ದಿನ ಒಂದು, ವರ್ಚುವಲ್‌ಬಾಕ್ಸ್ ಬೇಕಾದ ದಿನ ಇನ್ನೊಂದು.

ಲಿನಕ್ಸ್ ಬಳಕೆದಾರ, ಧಾರವಾಡ

ಲಿನಕ್ಸ್ ಮೇಲೆ ವರ್ಚುವಲ್‌ಬಾಕ್ಸ್ ಬಳಸುವವರಿಗೂ ಇದೇ ಜಗಳ ಬೇರೆ ರೂಪದಲ್ಲಿ ಬರುತ್ತದೆ. ಕರ್ನಲ್ 6.12ರಿಂದ ಈಚೆಗೆ ಲಿನಕ್ಸ್‌ನ ಸ್ವಂತ ಹೈಪರ್‌ವೈಸರ್ ಆದ ಕೆವಿಎಂ ಮಾಡ್ಯೂಲ್ ಲೋಡ್ ಆದ ಕೂಡಲೇ ವಿಟಿ-ಎಕ್ಸ್ ಹಿಡಿದುಕೊಳ್ಳುತ್ತದೆ. ಮೊದಲು ಕೆವಿಎಂನ ಮಷಿನ್ ಒಂದು ಶುರುವಾದಾಗ ಮಾತ್ರ ಹಿಡಿಯುತ್ತಿತ್ತು. ಹೀಗಾಗಿ ಕರ್ನಲ್ ಅಪ್‌ಡೇಟ್ ಆದ ಮರುದಿನ, ಅಲ್ಲಿಯವರೆಗೆ ಓಡುತ್ತಿದ್ದ ಮಷಿನ್ 'ವಿಟಿ-ಎಕ್ಸನ್ನು ಬೇರೆ ಹೈಪರ್‌ವೈಸರ್ ಬಳಸುತ್ತಿದೆ' ಅಂತ ನಿಂತುಬಿಡಬಹುದು. ಇಲ್ಲಿ ಆಮೆಯೂ ಇಲ್ಲ, ನೇರ ಎರರ್. ಮೋಡ್‌ಪ್ರೋಬ್ ಆದೇಶದಿಂದ ಕೆವಿಎಂ ಇಂಟೆಲ್ ಅಥವಾ ಕೆವಿಎಂ ಎಎಂಡಿ ಮಾಡ್ಯೂಲ್ ಇಳಿಸಿದರೆ ಆಗ ಸರಿಹೋಗುತ್ತದೆ. ಶಾಶ್ವತವಾಗಿ ಬೇಕಾದರೆ ಲಿನಕ್ಸನ್ನು ಬೂಟ್ ಮಾಡುವ ಗ್ರಬ್‌ನಲ್ಲಿ ಕೆವಿಎಂನ 'ಎನೇಬಲ್ ವರ್ಟ್ ಅಟ್ ಲೋಡ್' ಆಯ್ಕೆಯನ್ನು 0 ಮಾಡಿ.

ಬಿಸಿಎ ವಿದ್ಯಾರ್ಥಿನಿ, ಹಾಸನ

ಫೋಲ್ಡರ್ ತೆರೆಯಿತು, ಕನ್ನಡವೂ ಬಂತು. ಕೊನೆಯದಾಗಿ ಒಂದು ಪ್ರಶ್ನೆ. ಜಿಸಿಸಿ, ಮೈಎಸ್‌ಕ್ಯುಎಲ್ ಎಲ್ಲ ಹಾಕಿ ಸಿದ್ಧವಾದ ಈ ಮಷಿನ್ ನನ್ನ ಗೆಳತಿಯರಿಗೂ ಬೇಕಂತೆ. ಫೋಲ್ಡರ್ ಕಾಪಿ ಮಾಡಿ ಕೊಟ್ಟರೆ ಸಾಕಾ? ಒಬ್ಬಳದು ಎಂ2 ಮ್ಯಾಕ್‌ಬುಕ್.

ಸಿಸ್ಟಮ್ ಅಡ್ಮಿನ್, ಮೈಸೂರು

ಫೋಲ್ಡರ್ ಕಾಪಿ ಬೇಡ. ಉಬುಂಟುವನ್ನು ಒಳಗಿನಿಂದ ಪೂರ್ತಿ ಶಟ್‌ಡೌನ್ ಮಾಡಿ, ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಅಪ್ಲಯನ್ಸ್ ಬಳಸಿ. ಒಂದೇ ಓವಿಎ ಫೈಲ್ ಸಿಗುತ್ತದೆ. ಸ್ನ್ಯಾಪ್‌ಶಾಟ್‌ಗಳಿದ್ದರೆ ಅವು ಅದರಲ್ಲಿ ಹೋಗುವುದಿಲ್ಲ, ಈಗಿನ ಸ್ಥಿತಿ ಮಾತ್ರ ಹೋಗುತ್ತದೆ. ನಿಮ್ಮ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಸ್ವಂತ ಫೈಲ್‌ಗಳಿದ್ದರೆ ಎಕ್ಸ್‌ಪೋರ್ಟ್‌ಗೆ ಮುಂಚೆ ಅಳಿಸಿ. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಇಂಪೋರ್ಟ್ ಮಾಡುವಾಗ ಎಲ್ಲ ನೆಟ್‌ವರ್ಕ್ ಅಡಾಪ್ಟರ್‌ಗೂ ಹೊಸ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಅಡಾಪ್ಟರನ್ನು ಗುರುತಿಸುವ ಸಂಖ್ಯೆ) ಕೊಡುವ ಆಯ್ಕೆ ಆರಿಸಲು ಗೆಳತಿಯರಿಗೆ ಹೇಳಿ. ಒಂದೇ ವಿಳಾಸದ ಎರಡು ಮಷಿನ್ ಬ್ರಿಡ್ಜ್ಡ್ ನೆಟ್‌ವರ್ಕ್‌ನಲ್ಲಿ ಸೇರಿದರೆ ಎರಡಕ್ಕೂ ಇಂಟರ್‌ನೆಟ್ ಕೈಕೊಡುತ್ತದೆ. ಅವರ ಲ್ಯಾಪ್‌ಟಾಪ್‌ನಲ್ಲಿ ಆಮೆ ಕಂಡರೆ ಮೇಲಿನ ಹೆಜ್ಜೆಗಳನ್ನೇ ಮಾಡಲಿ, ರಿಕವರಿ ಕೀ ಮೊದಲು.

ಮ್ಯಾಕ್‌ಬುಕ್‌ನ ಗೆಳತಿಗೆ ಈ ಫೈಲ್ ಉಪಯೋಗಕ್ಕೆ ಬರುವುದಿಲ್ಲ. ಎಂ2 ಆರ್ಮ್ ಪ್ರೊಸೆಸರ್, ನಿಮ್ಮ ಉಬುಂಟು ಇಂಟೆಲ್-ಎಎಂಡಿ ಜಾತಿಯದ್ದು. ವರ್ಚುವಲ್ ಮಷಿನ್ ಪ್ರೊಸೆಸರ್‌ನ ಭಾಷೆಯನ್ನು ಅನುವಾದ ಮಾಡುವುದಿಲ್ಲ, ಇದ್ದದ್ದನ್ನೇ ಹಂಚುತ್ತದೆ. ಅವರು ಮ್ಯಾಕ್‌ನಲ್ಲಿ ವರ್ಚುವಲ್ ಮಷಿನ್ ಓಡಿಸುವ ಯುಟಿಎಂ ಹಾಕಿಕೊಂಡು, ಉಬುಂಟುವಿನ ಆರ್ಮ್64 ಆವೃತ್ತಿಯನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಲಿ. ಜಿಸಿಸಿ, ಮೈಎಸ್‌ಕ್ಯುಎಲ್ ಎರಡೂ ಅದರಲ್ಲಿ ಸಿಗುತ್ತವೆ, ಲ್ಯಾಬ್ ಪ್ರೋಗ್ರಾಂಗಳನ್ನು ಅಲ್ಲೇ ಮತ್ತೊಮ್ಮೆ ಕಂಪೈಲ್ ಮಾಡಿಕೊಂಡರೆ ಆಯಿತು.