ಪದಚರ್ಚೆ: ‘ರೆಂಡರ್’ ಅನ್ನಲು ‘ಮೂಡಿಸು’ ಸರಿಹೋಗುತ್ತಾ? (ಜೊತೆಗೆ ಇನ್ನೂ ಕೆಲವು ಪದಗಳು)

ಬಳಗದ ಎಲ್ಲರಿಗೂ ನಮಸ್ಕಾರ.

ನಾನೊಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಕೆಲವು ಹೈಸ್ಕೂಲು ಮೇಷ್ಟ್ರು, ಮೇಡಂಗಳು ಪಾಠದ ಟಿಪ್ಪಣಿಗಳನ್ನು ಮಾರ್ಕ್‌ಡೌನ್‌ನಲ್ಲಿ ಬರೆದಿಡಲು ಶುರು ಮಾಡಿದ್ದಾರೆ. ಬರೆಯುವುದು ಒಂದೇ ಕಡತ. ಅದರಿಂದಲೇ ವೆಬ್ ಪುಟ, ವರ್ಡ್ ಕಡತ, ಪಿಡಿಎಫ್ ಮೂರೂ ಬರಬೇಕು. ಸರಿಯಾಗಿ ಬರುತ್ತಿದೆಯಾ ಅಂತ ಪರೀಕ್ಷೆ ಮಾಡುವುದು ಇಷ್ಟು ದಿನ ನನ್ನ ಕೆಲಸವಾಗಿತ್ತು. ಅದನ್ನು ಅವರೇ ಮಾಡಿಕೊಳ್ಳಲಿ ಅಂತ ಈ ಕೈಪಿಡಿ. ಬರೆಯಲು ಕೂತಾಗ ಪದಗಳ ಹತ್ತಿರವೇ ನಿಂತುಬಿಟ್ಟೆ. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ‘ರೆಂಡರ್’, ಅಂದರೆ ಕಡತದಲ್ಲಿರುವುದನ್ನು ತಂತ್ರಾಂಶ ಕಣ್ಣಿಗೆ ಕಾಣುವ ಅಕ್ಷರವಾಗಿ ಪರದೆಗೆ ತರುವುದು.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ವಾಟ್ಸಾಪ್‌ನಲ್ಲಿ ಪದದ ಆಚೆ ಈಚೆ ಒಂದೊಂದು ಸ್ಟಾರ್ ಹಾಕಿದರೆ ಪದ ದಪ್ಪಗೆ ಕಾಣುತ್ತದೆ, ಅಲ್ವಾ? ಮಾರ್ಕ್‌ಡೌನ್ ಅದೇ ಜಾತಿಯದು. ಅಲ್ಲಿ ದಪ್ಪಕ್ಷರಕ್ಕೆ ಎರಡೆರಡು ಸ್ಟಾರ್ ಬೇಕು, ಅಷ್ಟೇ. ಜಾನ್ ಗ್ರೂಬರ್ ಅವರು 2004ರಲ್ಲಿ ಇದನ್ನು ಹೊರತಂದರು. ಆದರೆ ಅವರ ವಿವರಣೆಯಲ್ಲಿ ಹಲವು ಕಡೆ ಹೀಗೂ ಓದಬಹುದು, ಹಾಗೂ ಓದಬಹುದು. ಹಾಗಾಗಿ ಒಂದೇ ಬರಹ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ತರ ಬರುತ್ತಿತ್ತು. 2014ರಲ್ಲಿ ಕಾಮನ್‌ಮಾರ್ಕ್ ಎಂಬ ಖಚಿತ ನಿಯಮಾವಳಿ ಬಂತು. ಅದರೊಳಗೆ 600ಕ್ಕೂ ಹೆಚ್ಚು ಉದಾಹರಣೆಗಳಿವೆ. ಇದು ಕೊಟ್ಟರೆ ಅದು ಬರಬೇಕು, ಅಂತ ಪ್ರತಿಯೊಂದರಲ್ಲೂ ಜೋಡಿಯಾಗಿ ಕೊಟ್ಟಿದ್ದಾರೆ. ಆ ಜೋಡಿಗಳನ್ನೇ ಪರೀಕ್ಷೆಗೆ ಬಳಸುತ್ತಾರೆ.

ಈಗ ರೆಂಡರ್ ವಿಷಯಕ್ಕೆ ಬರುತ್ತೇನೆ. ಮೊದಮೊದಲು ನಾನು ಎಲ್ಲದಕ್ಕೂ ‘ಪರಿವರ್ತನೆ’ ಅಂತಲೇ ಬರೆದಿದ್ದೆ. ಸ್ಟಾರ್ ಹಾಕಿದ ಬರಹ ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್ ಆಗುವುದೂ ಪರಿವರ್ತನೆ, ಆ ಎಚ್‌ಟಿಎಂಎಲ್ ಪರದೆಯ ಮೇಲೆ ಕಾಣುವುದೂ ಪರಿವರ್ತನೆ. ಒಬ್ಬ ಕನ್ನಡ ಮೇಡಂ ಕಳಿಸಿದ ಪಾಠದಿಂದ ಆ ತಪ್ಪು ಗೊತ್ತಾಯಿತು. ಅವರದು ಒತ್ತಕ್ಷರದ ಪಾಠ. ‘ಅಕ್ಕ’ ಪದದಲ್ಲಿ ಒತ್ತನ್ನು ಮಾತ್ರ ದಪ್ಪಗೆ ತೋರಿಸಬೇಕು ಅಂತ ಹೀಗೆ ಬರೆದಿದ್ದರು:

ಅಕ್**ಕ**

ಪರಿವರ್ತನೆಯಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಎರಡನೆಯ ಕ-ಕಾರದ ಸುತ್ತ ದಪ್ಪಕ್ಷರದ ಟ್ಯಾಗ್ (ಎಚ್‌ಟಿಎಂಎಲ್‌ನ ಗುರುತು) ಎಲ್ಲಿ ಬರಬೇಕೋ ಅಲ್ಲೇ ಬಂದಿದೆ. ಪರೀಕ್ಷೆ ಪಾಸು. ಪರದೆ ನೋಡಿದರೆ ಒತ್ತೇ ಇಲ್ಲ! ಅ, ಆಮೇಲೆ ಅರ್ಧ ಕ್, ಆಮೇಲೆ ದಪ್ಪನೆಯ ಒಂದು ಇಡೀ ಕ. ಕಾರಣ ಇಷ್ಟೇ. ಕ್ ಮತ್ತು ಕ ಸೇರಿ ‘ಕ್ಕ’ ಆಗಬೇಕಾದರೆ ಅವೆರಡೂ ಒಂದೇ ಫಾಂಟಿನ ಒಂದೇ ಓಟದಲ್ಲಿ ಇರಬೇಕು. ನಡುವೆ ದಪ್ಪಕ್ಷರ ಶುರುವಾದರೆ ಫಾಂಟು ಬದಲಾಗುತ್ತದೆ, ಕೊಂಡಿ ಕಳಚುತ್ತದೆ. ಮಕ್ಕಳಿಗೆ ಒತ್ತಕ್ಷರ ಕಲಿಸುವ ಪಾಠದಲ್ಲೇ ಒತ್ತಕ್ಷರ ಒಡೆದು ಹೋಗಿತ್ತು. ಆ ಮೇಡಂ ಫೋನು ಮಾಡಿ, ‘ಸರ್, ಪರಿವರ್ತನೆ ತಪ್ಪಾಗಿದೆ’ ಅಂದರು. ‘ಇಲ್ಲ ಮೇಡಂ, ಪರಿವರ್ತನೆ ಸರಿ ಇದೆ, ಪರಿವರ್ತನೆ ತಪ್ಪಾಗಿದೆ’ ಅನ್ನುವ ಹಾಗೆ ಆಯಿತು ನನ್ನ ಸ್ಥಿತಿ. ಎರಡು ಬೇರೆ ಕೆಲಸಗಳಿಗೆ ಎರಡು ಪದ ಬೇಕೇ ಬೇಕು ಅನ್ನಿಸಿದ್ದು ಆಗ.

ಒಂದು ರೂಪದ ಕಡತ ಇನ್ನೊಂದು ರೂಪದ ಕಡತವಾಗುವುದನ್ನು ಪರಿವರ್ತನೆ ಅನ್ನೋಣ. ಅದು ಕಣ್ಣಿಗೆ ಕಾಣುವ ಅಕ್ಷರವಾಗುವುದನ್ನು ‘ಮೂಡುವುದು’ ಅನ್ನಬಹುದು ಅಂತ ನನ್ನ ಆಸೆ. ತಂತ್ರಾಂಶ ಮಾಡುವ ಕೆಲಸ ‘ಮೂಡಿಸು’. ಈ ಪದವನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಸೀಲು ಒತ್ತಿದಾಗ ಶಾಯಿ ಕಮ್ಮಿಯಾದರೆ ‘ಅಕ್ಷರ ಸರಿಯಾಗಿ ಮೂಡಿಲ್ಲ, ಇನ್ನೊಂದು ಸಲ ಒತ್ತಿ’ ಅನ್ನುತ್ತೇವೆ. ಸೀಲಿನಲ್ಲಿ ತಪ್ಪಿಲ್ಲ, ಕಾಗದದ ಮೇಲೆ ಬರುವಾಗ ಕೆಟ್ಟಿದೆ. ನನಗೆ ಬೇಕಾದ ವ್ಯತ್ಯಾಸ ಇದೇ. ‘ಪರಿವರ್ತನೆ ಸರಿ ಇದೆ, ಒತ್ತು ಮೂಡಿಲ್ಲ’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಅನುಮಾನ ಮಾತ್ರ ಉಳಿದಿದೆ. ‘ಕಾರ್ಯಕ್ರಮ ಚೆನ್ನಾಗಿ ಮೂಡಿಬಂತು’ ಅಂತ ಬರೆದು ಬರೆದು ಪದ ಸವೆದಿದೆ. ಓದುವವರು ಇದನ್ನು ತಾಂತ್ರಿಕ ಪದ ಅಂತ ಗಮನಿಸದೆ ಮುಂದೆ ಹೋಗಿಬಿಡುತ್ತಾರಾ? ‘ತೋರಿಸು’ ಕೂಡ ಯೋಚಿಸಿದೆ. ಆದರೆ ಮುಚ್ಚಿಟ್ಟಿದ್ದನ್ನೂ ತೋರಿಸಬಹುದು. ಅಲ್ಲಿ ಹೊಸದಾಗಿ ರೂಪ ತಾಳುವುದೇನೂ ಇಲ್ಲ.

ಪರಿವರ್ತನೆಗೆ ಬದಲು ‘ಮಾರ್ಪಾಡು’ ಬಳಸಿ ಅಂತ ಕೆಲವರು ಹೇಳಿದರು. ಬಳಸಿ ನೋಡಿದೆ. ‘ಮಾರ್ಪಾಡು ಅಂದರೆ ನನ್ನ ಪಾಠದಲ್ಲಿ ಏನಾದರೂ ತಿದ್ದುತ್ತೀರಾ?’ ಅಂತ ಒಬ್ಬ ಮೇಷ್ಟ್ರು ಗಾಬರಿಯಾದರು. ಅವರ ಗಾಬರಿ ನ್ಯಾಯವಾದದ್ದು. ಹಾಗಾಗಿ ಅದನ್ನು ಬಿಟ್ಟೆ.

ಇನ್ನು ‘ಪ್ಲೇನ್ ಟೆಕ್ಸ್ಟ್’, ಅಂದರೆ ದಪ್ಪ, ಓರೆ ಅಂತ ಯಾವ ಅಲಂಕಾರವೂ ಇಲ್ಲದ ಬರೀ ಅಕ್ಷರಗಳ ಬರಹ. ‘ಸರಳ ಪಠ್ಯ’ ಅಂತ ಬರೆಯುವುದನ್ನು ನೋಡಿದ್ದೇನೆ. ನನಗೆ ಒಪ್ಪಿಗೆಯಾಗುತ್ತಿಲ್ಲ. ಸರಳ ಅಂದರೆ ಸುಲಭ. ಹಳಗನ್ನಡದ ಪದ್ಯವನ್ನೂ ಪ್ಲೇನ್ ಟೆಕ್ಸ್ಟ್ ಕಡತದಲ್ಲಿ ಇಡಬಹುದು, ಅದೇನೂ ಸರಳ ಅಲ್ಲ. ಇಲ್ಲಿ ಬೇಕಾದ ಅರ್ಥ ‘ಮೇಲೆ ಏನೂ ಇಲ್ಲದ್ದು’. ಬರಿಗಾಲು, ಬರಿಗೈ, ಬರಿಗಣ್ಣು ಇದ್ದ ಹಾಗೆ ‘ಬರಿಪಠ್ಯ’ ಅಂದರೆ ಹೇಗೆ? ‘ಮಾರ್ಕಪ್’ ಅನ್ನುವುದಕ್ಕೆ ಸುಮ್ನೆ ‘ಗುರುತು’ ಅಂತ ಬಳಸುತ್ತಿದ್ದೇನೆ. ಮಾರ್ಕಪ್ ಪದವೇ ಅಚ್ಚುಕೂಟದಿಂದ ಬಂದದ್ದು. ಯಾವ ಸಾಲು ದಪ್ಪ, ಯಾವುದು ಓರೆ ಅಂತ ಹಸ್ತಪ್ರತಿಯ ಮೇಲೆ ಗುರುತು ಹಾಕಿ ಅಚ್ಚುಮೊಳೆ ಜೋಡಿಸುವವರ ಕೈಗೆ ಕೊಡುತ್ತಿದ್ದರು. ಮಾರ್ಕ್‌ಡೌನ್‌ನ ಸ್ಟಾರ್ ಮಾಡುವುದೂ ಅದನ್ನೇ.

ಗುರುತಿನ ಜೊತೆಗೇ ಬರುವ ತೊಂದರೆ ಇನ್ನೊಂದು. ಗುರುತಿನ ತರ ಕಾಣುವ ಅಕ್ಷರವನ್ನು ‘ಇದು ಗುರುತಲ್ಲ, ಇದ್ದ ಹಾಗೇ ಬಿಡು’ ಅಂತ ಹೇಳುವುದಕ್ಕೆ ‘ಎಸ್ಕೇಪ್’ ಅನ್ನುತ್ತಾರೆ. ಸಮಾಜ ವಿಜ್ಞಾನದ ಟಿಪ್ಪಣಿಯಲ್ಲಿ ಹೀಗಿತ್ತು:

1956. ವಿಶಾಲ ಮೈಸೂರು ರಾಜ್ಯ ಆಯಿತು.
1973. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು.

ಸಾಲಿನ ಶುರುವಿನಲ್ಲಿ ಅಂಕಿ, ಆಮೇಲೆ ಚುಕ್ಕೆ, ಆಮೇಲೆ ಜಾಗ. ಮಾರ್ಕ್‌ಡೌನ್ ಇದನ್ನು ಕ್ರಮಸಂಖ್ಯೆಯ ಪಟ್ಟಿ ಅಂದುಕೊಳ್ಳುತ್ತದೆ. ಕಾಮನ್‌ಮಾರ್ಕ್ ನಿಯಮದಲ್ಲಿ ಮೊದಲ ಸಂಖ್ಯೆ ಮಾತ್ರ ಲೆಕ್ಕಕ್ಕೆ ಬರುತ್ತದೆ, ಮುಂದಿನದನ್ನು ಅದೇ ಎಣಿಸುತ್ತದೆ. ಹಾಗಾಗಿ ಪುಟದಲ್ಲಿ 1956ರ ಕೆಳಗೆ 1957 ಅಂತ ಬಂತು! ಕರ್ನಾಟಕಕ್ಕೆ ಹದಿನಾರು ವರ್ಷ ಮೊದಲೇ ನಾಮಕರಣ ಆಗಿಬಿಟ್ಟಿತ್ತು. ಮಕ್ಕಳ ಕೈಗೆ ಹೋಗುವ ಮುಂಚೆ ಸಿಕ್ಕಿತು, ಪುಣ್ಯ. ಚುಕ್ಕೆಗೆ ಮೊದಲು ಹಿಂದಕ್ಕೆ ವಾಲಿದ ಗೆರೆ ಹಾಕಿದರೆ, ಅಂದರೆ 1956\. ಅಂತ ಬರೆದರೆ, ಸರಿಯಾಗುತ್ತದೆ. ಈ ಗೆರೆ ಚುಕ್ಕೆಯನ್ನು ಕಾಯುತ್ತದೆ. ಅದಕ್ಕೆ ‘ಕಾಪುಗೆರೆ’ ಅಂತ ಕರೆದಿದ್ದೇನೆ, ಹಾಕುವ ಕೆಲಸಕ್ಕೆ ‘ಕಾಪು ಹಾಕು’. ಎಸ್ಕೇಪ್ ಅಂದ ತಕ್ಷಣ ‘ತಪ್ಪಿಸಿಕೊಳ್ಳು’ ಅಂತ ಹೋದರೆ ಅರ್ಥ ಎಲ್ಲೋ ಹೋಗುತ್ತದೆ. ಕಾಪು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ಹೇಳಿ. ಇದರ ಬಗ್ಗೆ ನನಗೆ ಪೂರ್ತಿ ಧೈರ್ಯ ಇಲ್ಲ.

(ತಮಾಷೆ ಅಲ್ಲ, ಇದರ ಉಲ್ಟಾ ಕೂಡ ಆಗುತ್ತದೆ. ೧. ೨. ೩. ಅಂತ ಕನ್ನಡ ಅಂಕಿ ಹಾಕಿದರೆ ಕಾಮನ್‌ಮಾರ್ಕ್‌ಗೆ ಅದು ಪಟ್ಟಿಯೇ ಅಲ್ಲ. ಮೂರೂ ಸಾಲು ಸೇರಿ ಒಂದೇ ಪ್ಯಾರಾ ಆಗುತ್ತದೆ.)

ವಿಭಕ್ತಿ ಪ್ರತ್ಯಯದ ತೊಂದರೆಗೆ ಹೆಸರೇ ಸಿಕ್ಕಿಲ್ಲ. **ಕಡತ**ದಲ್ಲಿ ಅಂತ ಬರೆದರೆ ‘ಕಡತ’ ದಪ್ಪಗೆ ಬರುತ್ತದೆ, ‘ದಲ್ಲಿ’ ಮಾಮೂಲಿಯಾಗಿರುತ್ತದೆ. ಸರಿ. ಆದರೆ ಉದ್ಧರಣ ಚಿಹ್ನೆಯನ್ನು ಸ್ಟಾರ್‌ಗಳ ಒಳಗೆ ಇಟ್ಟು **“ಕಡತ”**ವನ್ನು ಅಂತ ಬರೆದರೆ ದಪ್ಪವಾಗುವುದಿಲ್ಲ, ಸ್ಟಾರ್‌ಗಳು ಹಾಗೇ ಕಾಣುತ್ತವೆ. ಮುಚ್ಚುವ ಸ್ಟಾರ್‌ನ ಹಿಂದೆ ಚಿಹ್ನೆ, ಮುಂದೆ ಅಂಟಿಕೊಂಡು ಅಕ್ಷರ ಇದ್ದರೆ ಅದನ್ನು ಮುಚ್ಚುವ ಗುರುತು ಅಂತ ನಿಯಮ ಒಪ್ಪುವುದಿಲ್ಲ. ಪದಕ್ಕೆ ಪ್ರತ್ಯಯ ಅಂಟಿಸಿಯೇ ಬರೆಯುವ ನಮಗೆ ಇದು ದಿನಾ ಎದುರಾಗುತ್ತದೆ. ಚಿಹ್ನೆಯನ್ನು ಸ್ಟಾರ್‌ನ ಹೊರಗೆ ಹಾಕಿ ಅಂತ ಕೈಪಿಡಿಯಲ್ಲಿ ಹೇಳಿದ್ದೇನೆ. ಆದರೆ ಹೀಗೆ ಪ್ರತ್ಯಯ ಅಂಟಿ ಗುರುತು ಕೆಡುವುದನ್ನು ಒಂದೇ ಪದದಲ್ಲಿ ಏನನ್ನಬಹುದು?

ಪರೀಕ್ಷೆಯ ಪಟ್ಟಿಗೆ ಮೂರು ಕಾಲಂ ಮಾಡಿದ್ದೇನೆ: ‘ಕೊಟ್ಟದ್ದು’, ‘ಬರಬೇಕಾದದ್ದು’, ‘ಬಂದದ್ದು’. ‘ನಿರೀಕ್ಷಿತ ಫಲಿತಾಂಶ’ ಅಂತೆಲ್ಲ ಬರೆದಾಗ ಯಾರೂ ತುಂಬುತ್ತಿರಲಿಲ್ಲ. ಈಗ ತುಂಬುತ್ತಿದ್ದಾರೆ. ‘ಅಕ್ಕ’ನ ಪ್ರಸಂಗ ಆದ ಮೇಲೆ ನಾಲ್ಕನೆಯದನ್ನು ಸೇರಿಸಿದೆ: ‘ಮೂಡಿದ್ದು’. ಅಲ್ಲಿ ಕಣ್ಣಿಂದ ನೋಡಿ ಬರೆಯಬೇಕು, ಯಂತ್ರ ಹೇಳಿದ್ದನ್ನು ನಂಬಬಾರದು.

ನಿಮ್ಮಲ್ಲಿ ಅಚ್ಚುಕೂಟದಲ್ಲಿ ಕೆಲಸ ಮಾಡಿದವರು, ಕರಡು ತಿದ್ದಿದವರು ಇದ್ದರೆ ಅವರಿಗೆ ಒಂದು ಪ್ರಶ್ನೆ. ಮೊಳೆ ಸರಿಯಾಗಿಯೇ ಜೋಡಿಸಿದ್ದು ಕಾಗದದ ಮೇಲೆ ಮಾತ್ರ ಒತ್ತಕ್ಷರ ಕೆಟ್ಟು ಬಂದರೆ ನೀವು ಏನನ್ನುತ್ತಿದ್ದಿರಿ? ಅದಕ್ಕೆ ಪದ ಇದ್ದರೆ ‘ಮೂಡಿಲ್ಲ’ ತೆಗೆದು ಅದನ್ನೇ ಹಾಕುತ್ತೇನೆ.